ಹಾಸ್ಟೆಲ್ ನೆಟ್ ರಾತ್ರಿ ಹೊತ್ತು ಸತ್ತೇ ಹೋಗುತ್ತೆ, ನೀವೆಲ್ಲ ಏನು ಮಾಡಿದ್ರಿ?

ಕೇಳಿದವರು: ನಮ್ಮದು ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯರ ಹಾಸ್ಟೆಲ್, 180 ಜನ ಇದ್ದೀವಿ. ಕಾಲೇಜು ಕೊಟ್ಟಿರೋದು 200 ಎಂಬಿಪಿಎಸ್ ಲೈನ್. ಹಗಲು ಚೆನ್ನಾಗೇ ಇರುತ್ತೆ. ರಾತ್ರಿ ಊಟ ಆದ್ಮೇಲೆ ಮನೆಗೆ ವಾಟ್ಸಾಪ್ ಕಾಲ್ ಮಾಡಿದ್ರೂ ಮಾತು ಕಡಿದು ಕಡಿದು ಬರುತ್ತೆ. ಪ್ಲೇಸ್‌ಮೆಂಟ್ ಟೆಸ್ಟ್ ಇರೋರು ಫೋನ್ ಹಾಟ್‌ಸ್ಪಾಟ್ ಹಿಡ್ಕೊಂಡು ಟೆರೇಸಿಗೆ ಹೋಗ್ತಾರೆ. ವಾರ್ಡನ್ ಮೇಡಂ ಯೂಟ್ಯೂಬ್ ಬ್ಲಾಕ್ ಮಾಡಿ ದಿನಕ್ಕೆ ತಲಾ 1 ಜಿಬಿ ಮಿತಿ ಹಾಕೋಣ ಅಂತಿದ್ದಾರೆ. ಹಾಸ್ಟೆಲ್ ಕಮಿಟಿಯಲ್ಲಿ ನೆಟ್ ವಿಷಯ ನನ್ನ ಪಾಲಿಗೆ ಬಂದಿದೆ. ದಯವಿಟ್ಟು ಅನುಭವ ಇದ್ದೋರು ಹೇಳಿ.

ಹಾಸ್ಟೆಲ್ ನೆಟ್‌ವರ್ಕ್ ನೋಡಿಕೊಳ್ಳುವವರು: ನೋಡಮ್ಮ, ಯೂಟ್ಯೂಬ್ ಬ್ಲಾಕ್ ಅಂತೂ ಬೇಡ. ಎನ್‌ಪಿಟೆಲ್ ಪಾಠಗಳನ್ನ ಮಕ್ಕಳು ನೋಡೋದೇ ಅಲ್ಲಿ. ದಿನದ ಮಿತಿಯಿಂದಲೂ ನಿಮ್ಮ ತೊಂದರೆ ಹೋಗಲ್ಲ. ಮಧ್ಯಾಹ್ನ ಲೈನ್ ಖಾಲಿ ಇದ್ದಾಗ 4 ಜಿಬಿ ಇಳಿಸಿಕೊಂಡವಳಿಂದ ಯಾರಿಗೂ ನಷ್ಟ ಇಲ್ಲ, ಆದರೆ ಶಿಕ್ಷೆ ಅವಳಿಗೇ. ರಾತ್ರಿ ಒಂಬತ್ತಕ್ಕೆ 900 ಎಂಬಿ ಎಳೆದವಳು ಎಲ್ಲರ ಕಾಲ್ ಕೆಡಿಸಿಯೂ ಮಿತಿಯೊಳಗೇ ಇರ್ತಾಳೆ.

ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನ ಕೇಬಲ್ ಹಾಕಿ ಮುಖ್ಯ ರೂಟರ್‌ಗೆ ಜೋಡಿಸಿ, ಬೆಳಿಗ್ಗೆ ಒಂದ್ಸಲ, ರಾತ್ರಿ ಒಂಬತ್ತಕ್ಕೆ ಒಂದ್ಸಲ ಪಿಂಗ್ ನೋಡಿ, ಅಂದ್ರೆ ಒಂದು ಪುಟ್ಟ ಸಂದೇಶ ಹೋಗಿ ಬರೋಕೆ ಹಿಡಿಯೋ ಸಮಯ. ಬೆಳಿಗ್ಗೆ 20 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 500 ಆಗಿದ್ರೆ ಪ್ಯಾಕೆಟ್‌ಗಳು, ಅಂದ್ರೆ ಡೇಟಾದ ತುಂಡುಗಳು, ಸಾಲಲ್ಲಿ ಕಾಯ್ತಾ ಕೂತಿವೆ ಅಂತ. ದೊಡ್ಡ ಡೌನ್‌ಲೋಡ್ ಒಂದು ಬಂದ್ರೆ ಆ ಸಾಲು ನಿಲ್ಲೋ ಜಾಗವನ್ನ, ಅಂದ್ರೆ ಬಫರನ್ನ, ತುಂಬಿಸಿಬಿಡುತ್ತೆ, ಮಾತಿನ ಪುಟ್ಟ ಪ್ಯಾಕೆಟ್ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತೆ. ಲೈನ್ 300ಕ್ಕೆ ಏರಿಸಿದ್ರೂ ಅದೂ ತುಂಬಿದ ದಿನ ಇದೇ ಕಥೆ.

ಇದಕ್ಕೆ ಮದ್ದು ಎಫ್‌ಕ್ಯೂ-ಕೋಡೆಲ್, ಅಥವಾ ಅದರ ನಂತರ ಬಂದ ಕೇಕ್. ಎರಡೂ ಕ್ಯೂ ವಿಧಾನಗಳು, ಅಂದ್ರೆ ರೂಟರ್‌ನಲ್ಲಿ ಈ ಸಾಲನ್ನ ನಿಭಾಯಿಸೋ ರೀತಿಗಳು. ಎಫ್‌ಕ್ಯೂ-ಕೋಡೆಲ್ 2018ರಲ್ಲೇ ಆರ್‌ಎಫ್‌ಸಿ 8290 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಗಿದೆ. ಮೈಕ್ರೋಟಿಕ್ ಕಂಪನಿಯ ರೂಟರ್ ಇದ್ರೆ ಅದರ ಸಾಫ್ಟ್‌ವೇರ್ ರೂಟರ್‌ಓಎಸ್ 7ರಲ್ಲಿ ಎರಡೂ ಸಿಗುತ್ತೆ. ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ರೂಟರ್ ಸಾಫ್ಟ್‌ವೇರ್ ಇದ್ರೆ ಅದರಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಹಾಕ್ಕೋಬೇಕು. ವೇಗವನ್ನ ಲೈನಿಗಿಂತ ಸ್ವಲ್ಪ ಕಮ್ಮಿ, ನಿಮಗೆ 180ರಷ್ಟು ಇಡಿ. ಆಗ ಸಾಲು ಕಂಪನಿಯವರ ಕಡೆ ಬೆಳೆಯದೆ ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತೆ, ಯಾರನ್ನ ಮುಂದೆ ಬಿಡಬೇಕು ಅಂತ ಅದು ತೀರ್ಮಾನ ಮಾಡಬಹುದು. ಕೇಕ್‌ನಲ್ಲಿ ತಲಾ ಪಾಲು ಹಂಚೋ ಸೌಲಭ್ಯ ಇದೆ: ಟೊರೆಂಟ್ ಹಾಕಿ ಐವತ್ತು ಕನೆಕ್ಷನ್ ತೆರೆದವಳಿಗೂ ಒಂದೇ ಪಾಲು, ಒಂದು ಕಾಲ್ ಮಾಡೋಳಿಗೂ ಒಂದೇ ಪಾಲು. ನ್ಯಾಟ್ ಮಾಡೋ, ಅಂದ್ರೆ ಒಳಗಿನ ಎಲ್ಲರನ್ನೂ ಹೊರಗೆ ಒಂದೇ ವಿಳಾಸವಾಗಿ ತೋರಿಸೋ ರೂಟರ್‌ನಲ್ಲೇ ಕೇಕ್ ಇದ್ರೆ ಅದರ ನ್ಯಾಟ್ ಆಯ್ಕೆ ಆನ್ ಮಾಡೋದು ಮರೀಬೇಡಿ, ಇಲ್ಲದಿದ್ರೆ ಇಡೀ ಹಾಸ್ಟೆಲ್ ಅದಕ್ಕೆ ಒಬ್ಬಳೇ ಹುಡುಗಿ ಥರ ಕಾಣುತ್ತೆ. ಇದಕ್ಕೆ ಪ್ರೊಸೆಸರ್ ಶಕ್ತಿ ಬೇಕು. ಮನೆಗೆ ತರೋ ಅಗ್ಗದ ರೂಟರ್ 200ರ ವೇಗಕ್ಕೆ ಏದುಸಿರು ಬಿಡುತ್ತೆ.

ಮೈಸೂರಿನ ಪಿಜಿ ಹಾಸ್ಟೆಲಲ್ಲಿದ್ದವರು: ಸರ್ ಹೇಳಿದ ಹಾಗೆ ಕೇಬಲ್‌ನಲ್ಲಿ ಪಿಂಗ್ ಚೆನ್ನಾಗಿ ಬಂತು, ರೂಮಲ್ಲಿ ಮಾತ್ರ ಕೆಟ್ಟದಾಗಿದೆ ಅಂದ್ರೆ ತೊಂದರೆ ವೈಫೈನದು. ನಮ್ಮಲ್ಲಿ ಅದೇ ಆಗಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದ ಆ್ಯಕ್ಸೆಸ್ ಪಾಯಿಂಟ್‌ಗಳಿಗೆ (ವೈಫೈ ಸಿಗ್ನಲ್ ಕೊಡೋ ಪೆಟ್ಟಿಗೆಗಳು) ಬೇರೆಬೇರೆ ಚಾನೆಲ್ ಕೊಟ್ಟು, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ನಿಲ್ಲಿಸಿ. 1, 2 ಎಂಬಿಪಿಎಸ್‌ನ ಹಳೇ ದರಗಳನ್ನ ಆಫ್ ಮಾಡಿ. ಮೂಲೆ ರೂಮಿನ ಒಂದು ಫೋನ್ 1ರ ದರದಲ್ಲಿ ಎಳೀತಾ ಕೂತ್ರೆ ಅಷ್ಟು ಹೊತ್ತು ಉಳಿದವರೆಲ್ಲ ಸುಮ್ಮನೆ ಕಾಯಬೇಕು. ಕಾರಿಡಾರಲ್ಲಿ ಸಾಲಾಗಿ ಪೂರ್ತಿ ಪವರ್‌ನಲ್ಲಿ ಹಾಕಿರ್ತಾರಲ್ಲ, ಅದನ್ನೂ ತಗ್ಗಿಸಿ.

ಫೈನಲ್ ಇಯರ್: ಅಕ್ಕಾ, ಫೋಟೋ ಬ್ಯಾಕಪ್ ಮತ್ತೆ ವಿಂಡೋಸ್ ಅಪ್‌ಡೇಟ್ ನೋಡಿ. ಫೆಸ್ಟ್ ಮುಗಿದ ರಾತ್ರಿ ಎಲ್ಲರ ವಿಡಿಯೋ ಒಟ್ಟಿಗೆ ಮೇಲೆ ಹೋಗ್ತಿರುತ್ತೆ. ಅಪ್‌ಲೋಡ್ ಕಡೆಗೂ ಆ ಕ್ಯೂ ಹಾಕ್ಲೇಬೇಕು.

ಡ್ರೆಸ್ಡೆನ್‌ನಲ್ಲಿ ಓದುತ್ತಿರುವ ಕನ್ನಡಿಗ: ಇಲ್ಲಿ ಎಜಿ ಡಿಎಸ್‌ಎನ್ ಅಂತ ವಿದ್ಯಾರ್ಥಿಗಳದ್ದೇ ಒಂದು ಗುಂಪಿದೆ, ಹಾಸ್ಟೆಲ್‌ಗಳ ನೆಟ್‌ವರ್ಕ್ ನಡೆಸೋದು ಅವರೇ. ನಿಮ್ಮ ಕಮಿಟಿಯೂ ಆಳವಾಗಿ ಕೈ ಹಾಕಲಿ. ಒಟ್ಟು ಬಳಕೆಯ ಗ್ರಾಫನ್ನ ಎಲ್ಲರಿಗೂ ಕಾಣೋ ಹಾಗಿಡಿ. ಆದರೆ ಯಾರು ಯಾವ ಸೈಟ್ ನೋಡಿದ್ರು ಅನ್ನೋ ಪಟ್ಟಿ ಯಾರೇ ಕೇಳಿದ್ರೂ ತಯಾರಿಸಬೇಡಿ. ಪಾಲು ಹಂಚೋಕೆ ಅದು ಬೇಕಾಗಿಲ್ಲ, ಹುಡುಗಿಯರ ನಂಬಿಕೆ ಒಮ್ಮೆ ಹೋದ್ರೆ ಕಮಿಟಿ ಮಾತು ಯಾರೂ ಕೇಳಲ್ಲ.

ಕೇಳಿದವರು: ತುಂಬಾ ಥ್ಯಾಂಕ್ಸ್. ಸರ್, ಇನ್ನೊಂದು. ಎರಡನೇ ಮಹಡಿಯಲ್ಲಿ ಮಾತ್ರ ಕೆಲವೊಮ್ಮೆ ಕನೆಕ್ಟ್ ಅಂತ ತೋರಿಸುತ್ತೆ, ಏನೂ ತೆರೆಯಲ್ಲ.

ಹಾಸ್ಟೆಲ್ ನೆಟ್‌ವರ್ಕ್ ನೋಡಿಕೊಳ್ಳುವವರು: ಆ ಹೊತ್ತಲ್ಲಿ ಐಪಿ ವಿಳಾಸ ನೋಡಮ್ಮ. ನಿಮ್ಮ ಮಾಮೂಲಿ ಸಾಲಿನದ್ದಲ್ಲದೆ 192.168.0 ಅಂತಲೋ ಬೇರೇನೋ ಬಂದಿದ್ರೆ, ಯಾರೋ ಸ್ವಂತ ರೂಟರ್ ತಂದು ಗೋಡೆಯ ಕೇಬಲ್ಲನ್ನ ಅದರ ಲ್ಯಾನ್ ಪೋರ್ಟಿಗೆ ಚುಚ್ಚಿದ್ದಾರೆ. ಅದು ಸಿಕ್ಕವರಿಗೆಲ್ಲ ತಪ್ಪು ವಿಳಾಸ ಹಂಚ್ತಿದೆ. ಆ ಹುಡುಗಿಯನ್ನ ಬೈಬೇಡಿ, ರೂಮಲ್ಲಿ ಸಿಗ್ನಲ್ ಇಲ್ಲದೆ ತಂದಿರ್ತಾಳೆ. ಆ ಮಹಡಿಯ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿಸಿ, ಹೀಗೆ ಬೇರೆ ಪೆಟ್ಟಿಗೆ ವಿಳಾಸ ಹಂಚೋದನ್ನ ಅದು ತಡೆಯುತ್ತೆ; ಅವಳ ರೂಮಿನ ಹತ್ತಿರಕ್ಕೆ ಒಂದು ಆ್ಯಕ್ಸೆಸ್ ಪಾಯಿಂಟ್ ಕೇಳಿ.