‘ಬಳಕೆ ತೆರಿಗೆ’ ಎಂದರೆ ಬಳಸಿದ ವಸ್ತುವಿನ ಮೇಲಿನ ತೆರಿಗೆಯೇ?

ಆತ್ಮೀಯರೆ,

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬರುವ ಕನ್ನಡ ಕುಟುಂಬಗಳಿಗಾಗಿ, ಜೊತೆಯಲ್ಲಿ ಬರುವ ಹಿರಿಯರೂ ಓದಿ ತಿಳಿಯುವಂತೆ, ಇಲ್ಲಿನ ತೆರಿಗೆಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ಸೇಲ್ಸ್ ಟ್ಯಾಕ್ಸ್’ ಎಂಬುದಕ್ಕೆ ‘ಮಾರಾಟ ತೆರಿಗೆ’ ಎಂದು ಬರೆಯುವಾಗ ಯಾವ ತೊಡಕೂ ಆಗಲಿಲ್ಲ. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯಿಂದಾಗಿ ಆ ಮಾತು ನಮ್ಮ ಅಂಗಡಿಯವರ ಬಾಯಲ್ಲಿ ಎಂದೋ ಪಳಗಿದೆ. ತೊಡಕಾದದ್ದು ಅದರ ಜೋಡಿಯಾದ, ಮಾರಾಟ ತೆರಿಗೆ ತೆರದೆ ಕೊಂಡದ್ದನ್ನು ರಾಜ್ಯದೊಳಗೆ ಉಪಯೋಗಿಸುವವರು ಕಟ್ಟುವ ‘ಯೂಸ್ ಟ್ಯಾಕ್ಸ್’ ಬಂದಾಗ. ಅದನ್ನು ನಾನು ‘ಬಳಕೆ ತೆರಿಗೆ’ ಎಂದು ಬರೆದಿದ್ದೆ.

ಕರಡನ್ನು ಓದಿದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, “ಮೊಮ್ಮಗಳಿಗೆ ಅಂತ ಪಕ್ಕದ ಬೀದಿಯವರಿಂದ ನಲವತ್ತು ಡಾಲರಿಗೆ ತೊಟ್ಟಿಲು ತಂದೆವಲ್ಲ, ಅವರು ಎರಡು ವರ್ಷ ಬಳಸಿದ್ದು, ಅದಕ್ಕೂ ಈ ಬಳಕೆ ತೆರಿಗೆ ಕಟ್ಟಬೇಕೇನಪ್ಪಾ?” ಎಂದು ಕೇಳಿದರು. ಕಟ್ಟಬೇಕಾಗಿಲ್ಲ, ಮನೆಯವರು ಅಪರೂಪಕ್ಕೊಮ್ಮೆ ಹಳೇ ಸಾಮಾನು ಮಾರಿಕೊಂಡರೆ ಅದಕ್ಕೆ ಇಲ್ಲಿನ ಕಾನೂನಿನಲ್ಲಿ ವಿನಾಯಿತಿಯಿದೆ. ಆದರೆ ಹಳೆಯ ಕಾರು ಈ ವಿನಾಯಿತಿಗೆ ಹೊರತು: ಮಾರಿದವರು ಖಾಸಗಿ ವ್ಯಕ್ತಿಯಾಗಿದ್ದರೂ, ನೋಂದಣಿ ವರ್ಗಾಯಿಸುವಾಗ ಕೊಂಡವರು ಕಟ್ಟುವುದು ಇದೇ ‘ಯೂಸ್ ಟ್ಯಾಕ್ಸ್’. ಹೀಗಾಗಿ ಹಿರಿಯರ ಅನುಮಾನವನ್ನು ಪೂರಾ ತಪ್ಪೆನ್ನುವ ಧೈರ್ಯ ನನಗೂ ಬರಲಿಲ್ಲ.

ಆದರೂ ಈ ತೆರಿಗೆಗೂ ವಸ್ತುವಿನ ಹಳತು ಹೊಸತಿಗೂ ಸಂಬಂಧವಿಲ್ಲ. ಕ್ಯಾಲಿಫೋರ್ನಿಯಾ 1933ರಲ್ಲಿ ಮಾರಾಟ ತೆರಿಗೆಯನ್ನು ತಂದಾಗ ಜನ ತೆರಿಗೆ ತಪ್ಪಿಸಲು ಪಕ್ಕದ ರಾಜ್ಯಗಳಿಂದ ಸರಕು ತರಿಸಿಕೊಳ್ಳುವ ದಾರಿ ಉಳಿದಿತ್ತು. ಅದನ್ನು ಮುಚ್ಚಲು 1935ರಲ್ಲಿ ಇದು ಬಂತು. ಮಾರಾಟ ತೆರಿಗೆಯ ಹೊಣೆ ಮಾರುವವನದು, ಇದರ ಹೊಣೆ ಕೊಂಡು ತಂದು ರಾಜ್ಯದೊಳಗೆ ಉಪಯೋಗಿಸುವವನದು. ಆನ್‌ಲೈನ್‌ನಲ್ಲಿ ಹೊರರಾಜ್ಯದ ಅಂಗಡಿಯಿಂದ ಏನಾದರೂ ತರಿಸಿಕೊಂಡು, ಬಿಲ್ಲಿನಲ್ಲಿ ತೆರಿಗೆಯ ಸಾಲು ಇಲ್ಲದಿದ್ದರೆ, ಕೊಂಡವರೇ ಲೆಕ್ಕ ಹಾಕಿ ರಾಜ್ಯದ ಆದಾಯ ತೆರಿಗೆ ಫಾರಂನಲ್ಲಿ ಅದಕ್ಕೆಂದೇ ಇರುವ ಸಾಲಿನಲ್ಲಿ ತೋರಿಸಬೇಕು. ವೇಫೇರ್ ಎಂಬ ಆನ್‌ಲೈನ್ ಅಂಗಡಿಯ ಮೊಕದ್ದಮೆಯಲ್ಲಿ, ಹೊರರಾಜ್ಯದ ಮಾರಾಟಗಾರರಿಂದಲೂ ರಾಜ್ಯಗಳು ತೆರಿಗೆ ವಸೂಲು ಮಾಡಿಸಬಹುದೆಂದು 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ದೊಡ್ಡ ಆನ್‌ಲೈನ್ ಮಾರಾಟಗಾರರೇ ತೆರಿಗೆ ವಸೂಲು ಮಾಡುತ್ತಿರುವುದರಿಂದ ಆ ಸಾಲಿನಲ್ಲಿ ಬಹುಪಾಲು ಜನರಿಗೆ ಸೊನ್ನೆಯೇ ಇರುತ್ತದೆ.

ಇನ್ನು ಪದದ ಮಾತು. ‘ದಿನಬಳಕೆ’ ಎಂದಾಗ ‘ಬಳಕೆ’ ಮುಂದೆ ಆಗುವ ಉಪಯೋಗವನ್ನು ಹೇಳುತ್ತದೆ, ‘ಬಳಸಿದ’ ಎಂದಾಗ ಮುಗಿದ ಉಪಯೋಗವನ್ನು. ಬರವಣಿಗೆಯಲ್ಲಿ ಸ್ಪಷ್ಟವಿರುವ ಈ ಭೇದ ಕಿವಿಗೆ ಹಿಡಿಯುವುದಿಲ್ಲ. ‘ಉಪಯೋಗ ತೆರಿಗೆ’ ಎಂದರೆ ಸಂಸ್ಕೃತದ ಹೊದಿಕೆ ಹೊದಿಸಿದಂತಾಯಿತೇ ಹೊರತು ಗೊಂದಲ ಹೋಗಲಿಲ್ಲ. ಉದ್ದೇಶವನ್ನು ನೋಡಿದರೆ ನಮ್ಮ ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ಹೋಗಿ ಅದರ ಜಾಗಕ್ಕೆ ಬಂದ ‘ಪ್ರವೇಶ ತೆರಿಗೆ’ ಇದಕ್ಕೆ ಹತ್ತಿರದ್ದು, ಆದರೆ ಆ ಹೆಸರು ಕೇಳಿದರೆ ಚೆಕ್‌ಪೋಸ್ಟು ಕಣ್ಣಿಗೆ ಕಟ್ಟುತ್ತದೆ. ‘ಸುಂಕ’ ಎನ್ನೋಣವೆಂದರೆ ಅದು ಗಡಿಗೂ ಗಾಡಿಗೂ ಅಂಟಿಕೊಂಡ ಪದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆಯಲ್ಲೂ ಎದುರಿಗೊಬ್ಬ ವಸೂಲಿಗಾರ ಕುಳಿತಿರುತ್ತಾನೆ, ಇಲ್ಲಿ ಕೇಳುವವರೇ ಇಲ್ಲದೆ ತಾನಾಗಿ ತೆರಬೇಕು. ನನ್ನ ಒಲವು ‘ಖರೀದಿ ತೆರಿಗೆ’ಯ ಕಡೆಗಿದೆ. ಕಬ್ಬಿನ ಖರೀದಿ ತೆರಿಗೆಯನ್ನು ಕಾರ್ಖಾನೆ ಕಟ್ಟುತ್ತಿದ್ದುದನ್ನು ಕಂಡವರಿಗೆ ಹೊಣೆ ಕೊಂಡವರದೆಂಬುದು ಒಡನೆ ಹೊಳೆಯುತ್ತದೆ. ಆದರೆ ಅಂಗಡಿಯ ಬಿಲ್ಲಿನಲ್ಲಿ ಕೊಟ್ಟ ತೆರಿಗೆಯನ್ನೇ ಜನ ‘ಖರೀದಿ ತೆರಿಗೆ’ ಎಂದುಕೊಂಡರೆ ಏನು ಗತಿ ಎಂಬ ಅಳುಕೂ ಇದೆ.

‘ರೀಸೇಲ್’ ಎಂಬುದರದು ಇನ್ನೊಂದು ಪೇಚು. ಅಂಗಡಿಯವನು ತಿರುಗಿ ಮಾರಲೆಂದೇ ಸಗಟಿನಲ್ಲಿ ಕೊಳ್ಳುವಾಗ ತೆರಿಗೆ ಕೊಡದಿರಲು ತೋರಿಸುವ ಪತ್ರವನ್ನು ‘ಮರುಮಾರಾಟ ಪ್ರಮಾಣಪತ್ರ’ ಎಂದಿದ್ದೇನೆ. ತೊಟ್ಟಿಲು ಮಾರಿದ ಮನೆಯವರದನ್ನೂ ‘ಮರುಮಾರಾಟ’ ಎಂದರೆ ಅವರೂ ವ್ಯಾಪಾರಿಗಳಾಗಿಬಿಡುತ್ತಾರೆ. ‘ಗುಜರಿ’ ಎನ್ನಲು ತೊಟ್ಟಿಲಿಗೆ ಅಂಥದ್ದೇನೂ ಆಗಿಲ್ಲ. ಸದ್ಯಕ್ಕೆ ‘ಹಳೇ ಸಾಮಾನು ಮಾರುವುದು’ ಎಂದೇ ಬರೆದಿದ್ದೇನೆ. ತೆರಿಗೆ ಇಲಾಖೆಯಲ್ಲಿ ದುಡಿದವರಿಗೆ, ಅಥವಾ ಮಂಡಿ ವ್ಯಾಪಾರ ಬಲ್ಲವರಿಗೆ, ಈ ಎರಡನ್ನೂ ಬೇರೆ ಮಾಡಿ ಹೇಳುವ ಮಾತು ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು.