ಹಳೇ ಟ್ರಾಫಿಕ್ ಸಿಗ್ನಲ್‌ಗೆ ಪೌಡರ್ ಕೋಟಿಂಗ್: ಗುಳ್ಳೆ ಏಳೋದು ಯಾಕೆ?

ಪ್ರಶ್ನೆ: ಎರಕದ ಅಲ್ಯೂಮಿನಿಯಂ ಬಾಡಿ. ಹಳೇ ಬಣ್ಣ ಪೂರ್ತಿ ತೆಗೆದು ಹಳದಿ ಪೌಡರ್ (ಓವನ್‌ನಲ್ಲಿ ಕಾದಾಗ ಕರಗಿ ಅಂಟಿಕೊಳ್ಳುವ ಒಣ ಬಣ್ಣದ ಪುಡಿ) ಹೊಡೆದೆ. ಓವನ್‌ನಿಂದ ತೆಗೆದಾಗ ಬಾಗಿಲಿನ ಅಂಚಿನುದ್ದಕ್ಕೂ ಸಾಸಿವೆ ಗಾತ್ರದ ಗುಳ್ಳೆ, ನಡುವೆ ಸೂಜಿಮೊನೆಯಂಥ ತೂತು. ಮೇಲೆ ಇನ್ನೊಂದು ಕೋಟ್ ಹೊಡೆದರೆ ಮುಚ್ಚುತ್ತಾ?

ಉತ್ತರ 1: ಮುಚ್ಚಲ್ಲ ಸರ್. ಎರಕದ ಸಣ್ಣ ರಂಧ್ರಗಳಲ್ಲಿ ಕೂತ ಗಾಳಿ, ಎಣ್ಣೆ, ತೇವ ಕಾದಾಗ ಉಬ್ಬಿ, ಕರಗಿದ ಪೌಡರನ್ನು ತೂರಿಕೊಂಡು ಹೊರಬರುತ್ತೆ. ಕೋಟ್ ಪೂರ್ತಿ ತೆಗೆದು, ಜಿಡ್ಡು ತೊಳೆದು, ಬರೀ ಲೋಹವನ್ನೇ ಮೊದಲು ಓವನ್‌ಗೆ ಹಾಕಿ. ಪೌಡರ್ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯೂರ್ ಆಗುವುದಾದರೆ (ಕಾದು ಗಟ್ಟಿಯಾಗುವುದಾದರೆ) ಬರೀ ಲೋಹ ಕಾಯಿಸೋದಕ್ಕೆ 215–220, ಅರ್ಧದಿಂದ ಒಂದು ಗಂಟೆ. ಎಣ್ಣೆ ಒಸರಿದ ಕಲೆ ಕಂಡರೆ ಒರೆಸಿ ಮತ್ತೊಮ್ಮೆ ಕಾಯಿಸಿ. ಕೋಟ್ ದಪ್ಪ 60–80 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಾಕು. ಕ್ಯೂರಿಂಗ್ ಸಮಯ ಎಣಿಸಬೇಕಾದ್ದು ಲೋಹವೇ ಆ ಶಾಖಕ್ಕೆ ಬಂದ ಮೇಲೆ. ಓವನ್ ಮೀಟರ್ ನೋಡಿ ಎಣಿಸಬೇಡಿ.

ಉತ್ತರ 2: ಲೆನ್ಸ್, ರಿಫ್ಲೆಕ್ಟರ್, ಗ್ಯಾಸ್ಕೆಟ್, ವೈರ್ ಎಲ್ಲ ಬಿಚ್ಚಿರಬೇಕು. ಕೀಲಿನ ತೂತು, ಥ್ರೆಡ್‌ಗಳಿಗೆ ಸಿಲಿಕೋನ್ ಪ್ಲಗ್. ಅರ್ಥಿಂಗ್ ಸ್ಕ್ರೂ ಕೂರುವ ಜಾಗಕ್ಕೆ ಶಾಖ ತಡೆಯುವ ಟೇಪ್, ಅಲ್ಲಿ ಬರೀ ಲೋಹವೇ ಬೇಕು. ಹೊರಗಿಡುವುದಾದರೆ ಪಾಲಿಯೆಸ್ಟರ್ ಪೌಡರ್ ತಗೊಳ್ಳಿ. ಎಪಾಕ್ಸಿ ಬಿಸಿಲಿಗೆ ಸುಣ್ಣದ ಪುಡಿಯಂತೆ ಬಿಳಿಚಿಕೊಳ್ಳುತ್ತೆ. ವೈಸರ್ (ಲೆನ್ಸ್ ಮೇಲೆ ಚಾಚಿರುವ ಬಿಸಿಲು ಮರೆ) ಒಳಮೈಗೆ ಮ್ಯಾಟ್ ಕಪ್ಪು.

ಉತ್ತರ 3: ಒಂದು ಎಚ್ಚರಿಕೆ. ಹಳೇ ಹಳದಿ ಬಣ್ಣದಲ್ಲಿ ಸೀಸ ಇರಬಹುದು, ಒಣದಾಗಿ ಉಜ್ಜಲೇಬೇಡಿ. ಪೇಂಟ್ ರಿಮೂವರ್ ಬಳಸಿ. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅಲ್ಯೂಮಿನಿಯಂ ತಿಂದುಬಿಡುತ್ತೆ.