ಮಾವಿನಕಾಯಿಗೆ ಕವರ್ ಕಟ್ಟಿದ್ರೆ ಊರವ್ರು ನಗ್ತಾರೆ ಅಂತ ಸುಮ್ನಿದೀನಿ, ನಿಮ್ಗೂ ಹಿಂಗಾಗಿದ್ಯಾ?

ಬಾದಾಮಿ_ತೋಟ:
ಎಲ್ರಿಗೂ ನಮಸ್ಕಾರ. ಶ್ರೀನಿವಾಸಪುರ ಹತ್ರ ನಮ್ದು ಮಾವಿನ ತೋಟ, ಜಾಸ್ತಿ ತೋತಾಪುರಿ, ಮನೆ ಕಡೆಗೆ ಒಂದಷ್ಟು ಬಾದಾಮಿ ಮಾವಿನ ಮರ. ಪ್ರತಿ ವರ್ಷ ಊಜಿ, ಅಂದ್ರೆ ಹಣ್ಣಿನ ನೊಣದ ಕಾಟ. ಮೇಲೆ ನೋಡಿದ್ರೆ ಬಂಗಾರದಂಗಿರತ್ತೆ, ಕುಯ್ದ್ರೆ ಓಟೆ ಪಕ್ಕದಲ್ಲಿ ಬಿಳಿ ಹುಳ ಮಿಜಿಮಿಜಿ ಅಂತಿರ್ತವೆ, ಮಂಡೀಲಿ ಅಂಥ ಎರಡು ಹಣ್ಣು ಸಿಕ್ಕಿದ್ರೆ ಸಾಕು ಇಡೀ ಲಾಟ್ ರೇಟ್ ಇಳಿಸ್ತಾರೆ. ಕಾಯಿ ಕೋಳಿಮೊಟ್ಟೆ ಗಾತ್ರ ಆದಾಗ ಪೇಪರ್ ಕವರ್ ಹಾಕಿ ಕಟ್ಟಿದ್ರೆ ನೊಣ ಮೊಟ್ಟೆ ಇಡಕ್ಕಾಗಲ್ಲ, ಸಿಪ್ಪೆ ಮೇಲೆ ಕಲೆನೂ ಕಮ್ಮಿ ಅಂತ ತರಬೇತೀಲಿ ತೋರಿಸಿದ್ರು. ಕವರ್ ತಂದೂ ಆಯ್ತು, ಹೋದ ಸೀಸನ್ನಿಂದ ಅಟ್ಟದ ಮೇಲೇ ಬಿದ್ದಿದೆ.

ದುಡ್ಡಿನ ಸಮಸ್ಯೆ ಅಲ್ಲ. ತೋಟ ರೋಡ್ ಪಕ್ಕ, ಡೈರಿಗೆ ಹಾಲು ಹಾಕಕ್ಕೆ ಹೋಗೋರೆಲ್ಲ ಅಲ್ಲೇ ಹಾಯ್ಕೊಂಡು ಹೋಗ್ಬೇಕು. "ಏನಪ್ಪಾ, ಕಾಯಿಗೆಲ್ಲ ಅಂಗಿ ಹೊಲಿಸಿದ್ದೀಯ, ಚಡ್ಡಿ ಯಾವಾಗ?" ಅನ್ನೋದು ಈಗ್ಲೇ ಕೇಳಿಸ್ತಿದೆ. ಬೆಂಗಳೂರು ಕೆಲಸ ಬಿಟ್ಟು ಬಂದೋನು ಅಂತ ಮೊದ್ಲೇ ಎಲ್ರಿಗೂ ನನ್ ಮೇಲೊಂದು ಕಣ್ಣು, ಏನಾದ್ರೂ ಕೈಕೊಟ್ರೆ ಆಡ್ಕೊಳ್ಳೋರ ಮುಂದೆ ಎಡವಿ ಬಿದ್ದಂಗೆ. ಇದು ನನಗೊಬ್ಬನಿಗೇನಾ?

ಟೊಮೆಟೊ_ಬಾಕ್ಸ್:
ನಗ್ತಾರೆ ಗುರು, ಗ್ಯಾರಂಟಿ ನಗ್ತಾರೆ 😄 ಅದ್ರಲ್ಲಿ ಡೌಟೇ ಇಟ್ಕೋಬೇಡ. ನಮ್ ಕಡೆ ಟೊಮೆಟೊಗೆ ಮಲ್ಚಿಂಗ್ ಶೀಟ್ ಮೊದ್ಲು ಹಾಸಿದಾಗ ಭೂಮಿಗೆ ರೇನ್‌ಕೋಟಾ ಅಂದೋರೇ ಈಗ ಶೀಟಿಲ್ದೆ ಒಂದು ನಾರೂ ನೆಡಲ್ಲ. ಅವ್ರೇನು ಬಂದು ತಪ್ಪಾಯ್ತು ಅಂದ್ರಾ? ಇಲ್ಲ. ನಮ್ ತಾತನ ಕಾಲದಿಂದ ಹಿಂಗೇ ಮಾಡ್ತಿದ್ವಿ ಅನ್ನೋ ಥರ ಈಗ ನಮ್ಗೇ ಪಾಠ ಹೇಳ್ತಾರೆ.

ಚಿಂತಾಮಣಿ_ಲೆಕ್ಚರರ್:
ನಿಮಗೊಬ್ರಿಗೇ ಅಲ್ಲ ಬಿಡಿ. ಕ್ಲಾಸಲ್ಲಿ ನಾನು ಯಾವಾಗ್ಲೂ ಹೇಳೋ ಒಂದು ಪ್ರಯೋಗ ಇದೆ. 1968ರಲ್ಲಿ ಅಮೆರಿಕದಲ್ಲಿ ಲಟಾನೆ, ಡಾರ್ಲಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು, ಹುಡುಗ್ರನ್ನ ಒಂದು ರೂಮಲ್ಲಿ ಕೂರಿಸಿ ಫಾರಂ ತುಂಬಕ್ಕೆ ಹೇಳಿ ಗೋಡೆ ಸಂದಿಯಿಂದ ಹೊಗೆ ಬಿಟ್ರು. ಒಬ್ಬನೇ ಕೂತಿದ್ದಾಗ ನೂರಕ್ಕೆ 75 ಜನ ಎದ್ದುಹೋಗಿ ಹೇಳಿದ್ರು. ಪಕ್ಕದಲ್ಲಿ ಮೊದ್ಲೇ ಹೇಳಿಕೊಟ್ಟಿದ್ದ ಇಬ್ಬರು ಏನೂ ಆಗೇ ಇಲ್ಲ ಅನ್ನೋ ಹಂಗೆ ಬರೀತಾ ಕೂತಿದ್ದಾಗ, ಹತ್ತರಲ್ಲಿ ಒಬ್ಬ ಮಾತ್ರ ಎದ್ದ! ಉಳಿದೋರು ಕೆಮ್ಕೊಂಡು ಕಣ್ಣುಜ್ಕೊಂಡು ಬರೀತಾನೇ ಇದ್ರು, ಆಮೇಲೆ ಕೇಳಿದ್ರೆ ಆವಿ ಇರ್ಬೇಕು ಅನ್ಕೊಂಡೆ, ಎಸಿ ಇರ್ಬೇಕು ಅನ್ಕೊಂಡೆ ಅಂದ್ರಂತೆ.

ನಮ್ಮೂರ ಗ್ರಾಮಸಭೇಲೂ ಅದೇ ಕಥೆ. ಹೊಸ ಚರಂಡಿ ವಾಟ ಉಲ್ಟಾ ಇದೆ ಅಂತ ಆ ಬೀದಿ ಹೆಂಗಸರಿಗೆಲ್ಲ ಗೊತ್ತು, ಬಕೆಟ್ ನೀರು ಹುಯ್ದ್ರೆ ವಾಪಸ್ ಬಾಗಿಲಿಗೇ ಬರ್ತಿತ್ತು. ಆದ್ರೆ ಇಂಜಿನಿಯರ್ ಮುಂದೆ ನಾವೇನು ಹೇಳೋದು ಅಂತ ಒಬ್ರ ಮುಖ ಒಬ್ರು ನೋಡ್ಕೊಂಡು ಕೂತ್ರು. ಕೊನೆಗೆ ಒಬ್ಬ ಅಜ್ಜಿ, "ಅಯ್ಯಾ, ಒಂದ್ ಚೊಂಬು ನೀರು ಹುಯ್ದು ತೋರಿಸ್ಲಾ?" ಅಂದ್ರು. ಎಲ್ರೂ ಹೋ ಅಂತ ನಕ್ರು. ಆಮೇಲೆ ಹೋಗಿ ಹುಯ್ದ್ರು, ಚರಂಡಿ ಒಡೆದು ಕಟ್ಟಿದ್ರು. ಅಜ್ಜಿಗೆ ಆ ನಗುವಿಂದ ಏನು ನಷ್ಟ ಆಯ್ತೋ ನನಗಂತೂ ಗೊತ್ತಾಗ್ಲಿಲ್ಲ.

ಮುಳಬಾಗಿಲು_ರೈತ:
ಎಲ್ರೂ ಸೇರಿ ಹುಡುಗನ್ನ ಮರ ಹತ್ತಿಸ್ತಿದ್ದೀರ, ಸ್ವಲ್ಪ ತಡೀರಪ್ಪ. ನಗೋರೆಲ್ಲ ದಡ್ಡರಲ್ಲ. ತೋತಾಪುರಿ ಹೋಗೋದು ಚಿತ್ತೂರು ಕಡೆ ಪಲ್ಪ್ ಫ್ಯಾಕ್ಟರಿಗೆ, ಟನ್ ಲೆಕ್ಕ, ಅಲ್ಲಿ ಸಿಪ್ಪೆ ಚೆಂದ ಯಾರು ಕೇಳ್ತಾರೆ? ಅದಕ್ಕೂ ಕವರ್ ಕಟ್ಟಿದ್ರೆ ಕೂಲಿಗೇ ಮನೆಮಾರು ಹೋಗತ್ತೆ, ಆಗ ನಾನೇ ಮೊದ್ಲು ನಗ್ತೀನಿ. ಬಾದಾಮಿಗೆ ಕಟ್ಟು, ಅದೂ ಏಣಿ ಎಟುಕೋ ಕೊಂಬೆಗೆ. ಯಾರಾದ್ರೂ ರೇಗಿಸಿದ್ರೆ "ಕೂಲಿ ಗಿಟ್ಟತ್ತಾ ಅಂತ ನೋಡ್ತಿದ್ದೀನಣ್ಣ" ಅನ್ನು, ಅವರಿಗೂ ಒಳಗೊಳಗೇ ಇರೋ ಪ್ರಶ್ನೆ ಅದೇ.

ಮಿಕ್ಕ ತೋಟಕ್ಕೆ ಮೋಹಕ ಬಲೆ, ಅಂದ್ರೆ ವಾಸನೆ ತೋರಿಸಿ ನೊಣ ಹಿಡಿಯೋ ಬಲೆ ಹಾಕು, ಅದಕ್ಕೆ ಬೀಳೋದು ಗಂಡು ನೊಣ ಮಾತ್ರ, ಅದಕ್ಕೇ ಅಕ್ಕಪಕ್ಕದವ್ರೂ ಹಾಕ್ಬೇಕು, ಉದುರಿದ ಹಣ್ಣು ಆರಿಸಿ ಗುಂಡಿ ತೆಗೆದು ಹೂತುಬಿಡ್ಬೇಕು. ಈ ನೊಣ ಸಣ್ಣ ವಿಷ್ಯ ಅಲ್ಲ, 2014ರಲ್ಲಿ ಯುರೋಪಿನವ್ರು ಇದರ ದೆಸೆಯಿಂದ್ಲೇ ಇಂಡಿಯಾ ಮಾವು ನಿಲ್ಲಿಸಿದ್ರು, ಮತ್ತೆ ಬಾಗಿಲು ತೆಗೆದಿದ್ದು 2015 ಜನವರೀಲಿ.

ಬಾದಾಮಿ_ತೋಟ:
ಮುಳಬಾಗಿಲು ಅಣ್ಣ, ಅಕ್ಕಪಕ್ಕದವ್ರ ಹತ್ರ ಬಲೆ ಹಾಕ್ಸೋದು ಅಂದ್ರೆ ಈಗ ನಾನೇ ಹೋಗಿ ಮನೆಮನೆ ಬಾಗಿಲು ತಟ್ಬೇಕು, ಕವರೇ ವಾಸಿ ಅನ್ನಿಸ್ತಿದೆ 😅 ಸರಿ, ರೋಡ್ ಕಡೆ ಇರೋ ಬಾದಾಮಿಗೇ ಮೊದ್ಲು ಕಟ್ತೀನಿ, ಹೆಂಗೂ ನೋಡ್ತಾರೆ, ಬಿಚ್ಚಿದಾಗ ಹಣ್ಣೂ ಅವರೇ ನೋಡ್ಲಿ. ಒಂದು ಕೇಳ್ಬೇಕಿತ್ತು, ಒಳಗೆ ಇರುವೆ ಸೇರ್ಕೊಳ್ಳಲ್ವಾ?

ಮುಳಬಾಗಿಲು_ರೈತ:
ಸಡಿಲ ಬಿಟ್ರೆ ಸೇರ್ತವೆ. ತೊಟ್ಟಿನ ಹತ್ರ ಸಂದಿ ಇಲ್ದಂಗೆ ಕಟ್ಟು, ಕಾಯಿ ಒದ್ದೆ ಇರುವಾಗ ಮಾತ್ರ ಹಾಕ್ಬೇಡ, ಒಳಗೇ ಬೂಸ್ಟು ಹಿಡಿಯತ್ತೆ.